ಮನೆಯಲ್ಲಿ ಕಟ್ಟುವ ವಿಮಾನಕ್ಕೆ ಯಾವ ಎಂಜಿನ್? ಹಳೆಯ ಪ್ರಶ್ನೆಯೊಂದರ ಹಿನ್ನೆಲೆ

1902ರ ಕೊನೆಯಲ್ಲಿ ರೈಟ್ ಸಹೋದರರು ಹಗುರವಾದ ಎಂಜಿನ್ ಬೇಕೆಂದು ಹಲವು ತಯಾರಕರಿಗೆ ಪತ್ರ ಬರೆದರು. ಅವರು ಕೇಳಿದ ತೂಕದಲ್ಲಿ ಕೇಳಿದ ಶಕ್ತಿ ಕೊಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರಗಳಲ್ಲಿ ಅಲ್ಯೂಮಿನಿಯಂ ಹೊರಕವಚದ (ಕ್ರ್ಯಾಂಕ್‌ಕೇಸ್), ಸುಮಾರು 12 ಅಶ್ವಶಕ್ತಿಯ ಎಂಜಿನ್ ಮಾಡಿಕೊಟ್ಟರು. ತನ್ನ ವಿಮಾನವನ್ನು ತಾನೇ ಕಟ್ಟಿಕೊಳ್ಳುವವರ ಪರದಾಟ ಇಂದಿಗೂ ಹೆಚ್ಚು ಬೇರೆಯಿಲ್ಲ. ರೆಕ್ಕೆ, ಬಾಲ, ಒಡಲು ಎಲ್ಲವನ್ನೂ ಶೆಡ್ಡಿನಲ್ಲೇ ಮಾಡಿಕೊಳ್ಳಬಹುದು. ಎಂಜಿನ್ ಮಾತ್ರ ಬೇರೆ ಯಾವುದಕ್ಕೋ ತಯಾರಾದದ್ದನ್ನು ತಂದು ಒಗ್ಗಿಸಬೇಕು, ಇಲ್ಲವೇ ವಿಮಾನಕ್ಕೆಂದೇ ಮಾಡಿದ ಎಂಜಿನ್ನಿಗೆ ದುಬಾರಿ ಬೆಲೆ ತೆರಬೇಕು.

ಈ ಪ್ರಯೋಗಗಳ ಇತಿಹಾಸವನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಷಯ ಎದ್ದು ಕಾಣುತ್ತದೆ. ಹಾರಾಟದಲ್ಲಿ ಕೈಕೊಟ್ಟದ್ದು ಹೆಚ್ಚಾಗಿ ಎಂಜಿನ್ನಿನ ಹೊಟ್ಟೆಯೊಳಗಿನ ಪಿಸ್ಟನ್, ವಾಲ್ವ್‌ಗಳಲ್ಲ. ಪ್ರೊಪೆಲ್ಲರಿಗೆ ಶಕ್ತಿ ದಾಟುವ ಜಾಗ, ತಂಪು ಮಾಡುವ ಗಾಳಿಯ ದಾರಿ, ಇಂಧನದ ಕೊಳವೆ, ಕಿಡಿ ಕೊಡುವ ಇಗ್ನಿಷನ್: ತೊಂದರೆ ಹುಟ್ಟಿದ್ದು ಇಲ್ಲೇ. ಎಂಜಿನ್ ಆರಿಸುವಾಗ ಇಂದಿನವರು ಕೇಳುವ ಪ್ರತಿಯೊಂದು ಪ್ರಶ್ನೆಯ ಹಿಂದೆಯೂ ಹಿಂದಿನವರು ಕಂಡ ಇಂಥದೊಂದು ತೊಂದರೆ ಇದೆ.

ಅಮೆರಿಕದ ಮಿನ್ನೆಸೋಟದ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹಾಕಿ ‘ಏರ್ ಕ್ಯಾಂಪರ್’ ಹಾರಿಸಿದರು. ಅದು 40 ಅಶ್ವಶಕ್ತಿಯ ಆಸುಪಾಸಿನ, ನೀರಿನಿಂದ ತಂಪಾಗುವ ಭಾರದ ಎಂಜಿನ್. ರೇಡಿಯೇಟರ್ ಪೈಲಟ್‌ನ ಕಣ್ಣಿಗೆ ಅಡ್ಡವಾಗಿ ಎದ್ದು ನಿಲ್ಲುತ್ತಿತ್ತು. ಆದರೂ ಅದು ಕೆಲಸ ಮಾಡಿತು. ಆ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಶಕ್ತಿ ಕೊಡುತ್ತಿದ್ದರಿಂದ ದೊಡ್ಡ ಮರದ ಪ್ರೊಪೆಲ್ಲರನ್ನು ನೇರವಾಗಿ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿಗೇ ಕಟ್ಟಬಹುದಿತ್ತು. ಅಗಲವಾದ ರೆಕ್ಕೆಯ, ನಿಧಾನಗತಿಯ ವಿಮಾನಕ್ಕೆ ಬೇಕಾದದ್ದೂ ಅದೇ. ಮುಂದೆ ಷೆವರ್ಲೆಯ ಕೊರ್ವೇರ್ ಕಾರಿನ ಗಾಳಿತಂಪಿನ ಆರು ಸಿಲಿಂಡರ್ ಎಂಜಿನ್ ಬಂದಾಗ ಪೀಟನ್‌ಪೋಲ್ ಅದನ್ನೂ ವಿಮಾನಕ್ಕೆ ಒಗ್ಗಿಸಿದರು.

ಇನ್ನೊಂದು ಕಡೆ, 1931ರಲ್ಲಿ ಕಾಂಟಿನೆಂಟಲ್ ಕಂಪನಿ 37 ಅಶ್ವಶಕ್ತಿಯ ಎ-40 ಹೊರತಂದಿತು. ನಾಲ್ಕು ಸಿಲಿಂಡರ್ ಎದುರುಬದುರಾಗಿ ಮಲಗಿರುವ, ಗಾಳಿಯಿಂದ ತಂಪಾಗುವ, ಪ್ರೊಪೆಲ್ಲರಿಗೆ ನೇರ ಜೋಡಣೆಯಿರುವ ಈ ವಿನ್ಯಾಸ ಹಗುರ ವಿಮಾನಗಳ ಮಾದರಿಯೇ ಆಗಿಹೋಯಿತು. ಎ-65, ಸಿ-85, 100 ಅಶ್ವಶಕ್ತಿಯ ಒ-200, ಇನ್ನೊಂದು ಕಂಪನಿಯಾದ ಲೈಕಮಿಂಗ್‌ನ ಒ-235, ಒ-320, ಒ-360 ಎಲ್ಲವೂ ಇದೇ ಕುಟುಂಬದವು. ಎರಡನೇ ಮಹಾಯುದ್ಧದ ನಂತರ ಸೇನೆಯ ನೆಲದ ಜನರೇಟರ್‌ಗಳಲ್ಲಿದ್ದ ಲೈಕಮಿಂಗ್ ಒ-290-ಜಿ ಎಂಜಿನ್‌ಗಳು ಹೆಚ್ಚುವರಿ ಸಾಮಾನಾಗಿ ಅಗ್ಗಕ್ಕೆ ಸಿಕ್ಕವು. 1953ರಲ್ಲಿ ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿದ ಮೇಲೆ ಅಮೆರಿಕದಲ್ಲಿ ಹೋಮ್‌ಬಿಲ್ಟ್ (ತಾವೇ ವಿಮಾನ ಕಟ್ಟಿಕೊಳ್ಳುವವರ) ಚಳವಳಿ ಬೆಳೆಯಿತು. ಇಂಥ ಅಗ್ಗದ ಎಂಜಿನ್‌ಗಳು ಅದಕ್ಕೆ ಇಂಬು ಕೊಟ್ಟವು.

ಯುರೋಪಿನಲ್ಲಿ ಆ ಜಾಗ ತುಂಬಿದ್ದು ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್. ಫ್ರಾನ್ಸಿನ ಡ್ರುವೀನ್ ಟರ್ಬುಲೆಂಟ್, ಜೋಡೆಲ್ ಡಿ-9ರಂಥ ಒಂದೇ ಸೀಟಿನ ಪುಟ್ಟ ವಿಮಾನಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಎರಡು ಮಿತಿಗಳು ಮಾತ್ರ ಬೇಗ ಬಯಲಾದವು.

ಮೊದಲನೆಯದು ಬಿಸಿ. ಬೀಟಲ್‌ನ ಸಿಲಿಂಡರ್ ಹೆಡ್‌ನಲ್ಲಿ (ಸಿಲಿಂಡರಿನ ಮುಚ್ಚಳದಲ್ಲಿ) ಶಾಖ ಬಿಡುವ ರೆಕ್ಕೆಪಟ್ಟಿಗಳು ಕಡಿಮೆ. ಟೇಕಾಫ್‌ನಲ್ಲಿ ಒಂದೆರಡು ನಿಮಿಷ 60 ಅಶ್ವಶಕ್ತಿ ಕೊಡುವ ಎಂಜಿನ್ ಗಂಟೆಗಟ್ಟಲೆ ಅಷ್ಟೇ ಕೊಡಲಾರದು. ಕೊಡಿಸಹೊರಟರೆ ಹೆಡ್ ಬಿರುಕು ಬಿಡುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಕಾರಿನ ಎಂಜಿನ್ ರಸ್ತೆಯಲ್ಲಿ ತನ್ನ ಶಕ್ತಿಯ ಸಣ್ಣ ಪಾಲಿನಲ್ಲೇ ದಿನ ಕಳೆಯುತ್ತದೆ. ವಿಮಾನದಲ್ಲಿ ಶೇ 65ರಿಂದ 75ರಷ್ಟನ್ನು ಎಡೆಬಿಡದೆ ಕೊಡಬೇಕು. ಯಾವುದೇ ಎಂಜಿನ್ನಿನ ಜಾಹೀರಾತಿನಲ್ಲಿ ಮೊದಲು ಹುಡುಕಬೇಕಾದದ್ದು ಗರಿಷ್ಠ ಶಕ್ತಿಯನ್ನಲ್ಲ, ಈ ನಿರಂತರ ಶಕ್ತಿಯನ್ನು.

ಎರಡನೆಯದು ಕ್ರ್ಯಾಂಕ್‌ಶಾಫ್ಟ್. ಪ್ರೊಪೆಲ್ಲರನ್ನು ಪುಲ್ಲಿಯ ತುದಿಗೆ ಕಟ್ಟಿದಾಗ ಅಲ್ಲಿನ ಲೋಹ ತೆಳು. ಕೀ (ಜಾರದಂತೆ ಹಿಡಿಯುವ ಲೋಹದ ಬೆಣೆ) ಕೂರಿಸುವ ತೋಡಿನ ಮೂಲೆಯಿಂದ ಬಿರುಕು ಶುರುವಾಗುತ್ತದೆ. ವಿಮಾನ ತಿರುಗಿದಾಗ, ಮೂಗು ಎತ್ತಿದಾಗ ಸುತ್ತುತ್ತಿರುವ ಪ್ರೊಪೆಲ್ಲರ್ ಶಾಫ್ಟನ್ನು ಬಗ್ಗಿಸಲು ನೋಡುತ್ತದೆ. ಕಾರಿನಲ್ಲಿ ಈ ಭಾರ ಇರುವುದೇ ಇಲ್ಲ. ಕೊರ್ವೇರ್ ಎಂಜಿನ್‌ಗಳು ವೇಗದ ವಿಮಾನಗಳಿಗೆ ಹೋದಾಗಲೂ ಇದೇ ಕಾರಣಕ್ಕೆ ಶಾಫ್ಟ್‌ಗಳು ಮುರಿದವು. ಪರಿಹಾರವಾಗಿ ಮೂರು ಕೆಲಸ ರೂಢಿಗೆ ಬಂದವು: ಶಾಫ್ಟ್ ಬೇರಿಂಗಿನಲ್ಲಿ ಕೂರುವ ಭಾಗದ (ಜರ್ನಲ್) ಮೂಲೆಯನ್ನು ದುಂಡಾಗಿ ಅರೆಯುವುದು, ಶಾಫ್ಟಿಗೆ ನೈಟ್ರೈಡಿಂಗ್ ಮಾಡಿಸಿ ಮೇಲ್ಮೈ ಗಟ್ಟಿಗೊಳಿಸುವುದು, ಪ್ರೊಪೆಲ್ಲರ್ ತುದಿಯಲ್ಲಿ ಐದನೆಯ ಬೇರಿಂಗ್ ಸೇರಿಸುವುದು.

1975ರಲ್ಲಿ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ವ್ಯಾರಿ-ಈಝ್ ವಿಮಾನದ ಮೊದಲ ಮಾದರಿಯನ್ನು ಹಾರಿಸಿದ್ದು ಫೋಕ್ಸ್‌ವ್ಯಾಗನ್ ಎಂಜಿನ್ನಿನಿಂದಲೇ. ಮುಂದೆ ಇತರರು ಕಟ್ಟಿಕೊಳ್ಳಲೆಂದು ನಕ್ಷೆ ಸಿದ್ಧಪಡಿಸುವಾಗ ಅವರು ವಿಮಾನವನ್ನು ತುಸು ದೊಡ್ಡದು ಮಾಡಿ ಕಾಂಟಿನೆಂಟಲ್ ಒ-200ಕ್ಕೆ ಹೊಂದಿಸಿದರು.

ಕಾರಿನ ಎಂಜಿನ್ನಿಗೆ ಇನ್ನೊಂದು ಸಹಜ ಅಡ್ಡಿಯಿದೆ. ಅದು ಶಕ್ತಿ ಕೊಡುವುದು ನಿಮಿಷಕ್ಕೆ 4000ದಿಂದ 6000 ಸುತ್ತಿನಲ್ಲಿ. 1.83 ಮೀಟರ್ ವ್ಯಾಸದ ಪ್ರೊಪೆಲ್ಲರ್ 2700 ಸುತ್ತಿನಲ್ಲಿ ತಿರುಗಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 259 ಮೀಟರ್. ಅದನ್ನೇ 4000ಕ್ಕೆ ತಿರುಗಿಸಿದರೆ 383 ಮೀಟರ್, ಶಬ್ದದ ವೇಗಕ್ಕಿಂತ ಹೆಚ್ಚು. ಆಗ ಸದ್ದು ಏರುತ್ತದೆ, ಎಳೆತ ಕುಸಿಯುತ್ತದೆ. ಬೀಟಲ್‌ನವರು ಪ್ರೊಪೆಲ್ಲರನ್ನೇ 1.4 ಮೀಟರ್ ಆಸುಪಾಸಿಗೆ ಚಿಕ್ಕದು ಮಾಡಿ ಸುಧಾರಿಸಿಕೊಂಡರು. ನಿಧಾನಗತಿಯ ವಿಮಾನಕ್ಕೆ ಅದು ನಷ್ಟದ ಬಾಬತ್ತು. ಸುಬಾರು ಇಎ-81, ಮಾಜ್ದಾ 13ಬಿ ರೋಟರಿಯಂಥ ಕಾರಿನ ಎಂಜಿನ್‌ಗಳನ್ನು ಬಳಸಿದವರು ನಡುವೆ ಸುತ್ತು ತಗ್ಗಿಸುವ ಗೇರ್ ಅಥವಾ ಬೆಲ್ಟಿನ ರಿಡಕ್ಷನ್ ಡ್ರೈವ್ ಹಾಕಿದರು.

ಹೋಮ್‌ಬಿಲ್ಟ್ ಎಂಜಿನ್‌ಗಳ ಅತ್ಯಂತ ಕಠಿಣ ಪಾಠ ಕಲಿಸಿದ್ದು ಈ ರಿಡಕ್ಷನ್ ಡ್ರೈವ್. ಪಿಸ್ಟನ್ ಎಂಜಿನ್ ಸಮನಾಗಿ ತಿರುಗುವುದಿಲ್ಲ. ಪ್ರತಿ ಸ್ಫೋಟಕ್ಕೂ ಒಮ್ಮೆ ಶಾಫ್ಟನ್ನು ತಿರುಚುತ್ತದೆ. ಒಂದು ತುದಿಯಲ್ಲಿ ಫ್ಲೈವೀಲ್, ಇನ್ನೊಂದು ತುದಿಯಲ್ಲಿ ಪ್ರೊಪೆಲ್ಲರ್, ನಡುವೆ ಸ್ಪ್ರಿಂಗಿನಂತೆ ತಿರುಚಿಕೊಳ್ಳುವ ಶಾಫ್ಟ್. ಈ ವ್ಯವಸ್ಥೆಯ ಸಹಜ ಕಂಪನವೂ ಸ್ಫೋಟದ ಲಯವೂ ಒಂದಾದ ಸುತ್ತಿನಲ್ಲಿ ತಿರುಚುವ ಬಲ ಸರಾಸರಿಯ ಹಲವು ಪಟ್ಟಾಗುತ್ತದೆ. ಹೊರಗಿನಿಂದ ಕೆಲವೊಮ್ಮೆ ಸಣ್ಣ ನಡುಕವೂ ತಿಳಿಯುವುದಿಲ್ಲ. ಒಳಗೆ ಗೇರಿನ ಹಲ್ಲು ಕೊರೆಯುತ್ತದೆ, ಸ್ಪ್ಲೈನ್ (ಶಾಫ್ಟ್‌ಗಳನ್ನು ಜೋಡಿಸುವ ಉದ್ದ ಹಲ್ಲುಗಳು) ಸವೆಯುತ್ತದೆ, ಶಾಫ್ಟ್ 45 ಡಿಗ್ರಿ ಓರೆಯಲ್ಲಿ ಸೀಳುತ್ತದೆ. ಒಂದು ಪ್ರೊಪೆಲ್ಲರಿನೊಂದಿಗೆ ನೂರಾರು ಗಂಟೆ ಸರಿಯಾಗಿದ್ದ ಡ್ರೈವ್, ಅದಕ್ಕಿಂತ ಭಾರದ ಪ್ರೊಪೆಲ್ಲರ್ ಹಾಕಿದ ಕೂಡಲೇ ಕೆಡಬಹುದು. ಹಾಗಾಗಿ ರಿಡಕ್ಷನ್ ಡ್ರೈವ್ ಕೊಳ್ಳುವವರು ಅದೇ ಎಂಜಿನ್, ಅದೇ ಫ್ಲೈವೀಲ್, ಅದೇ ಪ್ರೊಪೆಲ್ಲರಿನ ಜೋಡಿಯಲ್ಲಿ ತಿರುಚು ಕಂಪನ ಅಳೆದಿದ್ದಾರೆಯೇ ಎಂದು ಕೇಳಲೇಬೇಕು. ಉತ್ತರ ಇಲ್ಲವೆಂದಾದರೆ ಆ ಪರೀಕ್ಷೆ ನಡೆಯುವುದು ನಿಮ್ಮ ವಿಮಾನದಲ್ಲಿ, ಗಾಳಿಯಲ್ಲಿ.

ಇದೇ ಸಮಸ್ಯೆಯನ್ನು ಕಾರ್ಖಾನೆಯಲ್ಲೇ ಬಿಡಿಸಿದ್ದರಿಂದ ಆಸ್ಟ್ರಿಯಾದ ರೋಟ್ಯಾಕ್ಸ್ ಗೆದ್ದಿತು. 503ರಂಥ ಎರಡು ಸ್ಟ್ರೋಕಿನ ಎಂಜಿನ್‌ಗಳಿಂದ ಅತಿ ಹಗುರ ವಿಮಾನಗಳ (ಅಲ್ಟ್ರಾಲೈಟ್) ಲೋಕದಲ್ಲಿ ಬೇರುಬಿಟ್ಟಿದ್ದ ಕಂಪನಿ 1989ರಲ್ಲಿ ನಾಲ್ಕು ಸ್ಟ್ರೋಕಿನ 912 ತಂದಿತು. ಮೊದಲು 80 ಅಶ್ವಶಕ್ತಿ, ನಂತರ 1352 ಸಿಸಿಯ ಯುಎಲ್‌ಎಸ್ ಮಾದರಿಯಲ್ಲಿ 100. ಹೆಡ್‌ಗೆ ನೀರಿನ ತಂಪು, ಸಿಲಿಂಡರಿಗೆ ಗಾಳಿಯ ತಂಪು. ಯುಎಲ್‌ಎಸ್‌ನಲ್ಲಿ 5800 ಸುತ್ತನ್ನು 2.43ಕ್ಕೆ 1ರ ಗೇರ್ ಸುಮಾರು 2390ಕ್ಕೆ ಇಳಿಸುತ್ತದೆ. 5800ರಲ್ಲಿ ಐದು ನಿಮಿಷ ಮಾತ್ರ, ನಿರಂತರಕ್ಕೆ 5500. ಇದರ ಆರೈಕೆಯ ಶಿಸ್ತೇ ಬೇರೆ. ಎರಡು ಕಾರ್ಬ್ಯುರೇಟರ್ ಒಂದೇ ಲಯದಲ್ಲಿ ತೆರೆಯುವಂತೆ ಹೊಂದಿಸದಿದ್ದರೆ ಪೆಟ್ಟು ಗೇರ್‌ಬಾಕ್ಸಿಗೆ ಬೀಳುತ್ತದೆ. ರಬ್ಬರ್ ಹೋಸ್‌ಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೀಸವಿರುವ ವಿಮಾನ ಪೆಟ್ರೋಲನ್ನೇ ಹೆಚ್ಚು ಬಳಸಿದರೆ ಎಣ್ಣೆ ಬದಲಾವಣೆಯ ಅವಧಿ 100 ಗಂಟೆಯಿಂದ 50ಕ್ಕೆ ಇಳಿಯುತ್ತದೆ.

ನಿಯಮಗಳೂ ಈ ಇತಿಹಾಸವನ್ನೇ ಹೇಳುತ್ತವೆ. ಅಮೆರಿಕದಲ್ಲಿ ಪ್ರಮಾಣಪತ್ರ ಪಡೆದ (ಪ್ರಮಾಣಿತ) ಎಂಜಿನ್ ಮತ್ತು ಪ್ರೊಪೆಲ್ಲರಿನ ಜೋಡಿಯಿದ್ದ ಹೋಮ್‌ಬಿಲ್ಟ್‌ಗೆ 25 ಗಂಟೆಯ ಪರೀಕ್ಷಾ ಹಾರಾಟ, ಉಳಿದವಕ್ಕೆ 40 ಗಂಟೆ ಎಂಬುದು ದೀರ್ಘಕಾಲದ ರೂಢಿ. ಇಲ್ಲಿ ಗಮನಿಸಬೇಕಾದದ್ದು ‘ಜೋಡಿ’ ಎಂಬುದನ್ನು. ಎಂಜಿನ್ ಒಂದೇ ಪ್ರಮಾಣಿತವಾಗಿದ್ದರೆ ಸಾಲದು.

ಈಗ ಅಪ್‌ಗ್ರೇಡ್ ವಿಷಯ. 150 ಅಶ್ವಶಕ್ತಿಯ ಲೈಕಮಿಂಗ್ ಒ-320 ತೆಗೆದು 180ರ ಒ-360 ಹಾಕುವ ಆಸೆ ಎರಡು ಸೀಟಿನ ಲೋಹದ ವಿಮಾನದವರಲ್ಲಿ ತುಂಬ ಸಾಮಾನ್ಯ. ಗಾಳಿಯ ಪ್ರತಿರೋಧ ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಶಕ್ತಿ ಶೇ 20 ಹೆಚ್ಚಾದರೆ ವೇಗ ಹೆಚ್ಚುವುದು ಶೇ 6ರಷ್ಟೇ: ಗಂಟೆಗೆ 250 ಕಿ.ಮೀ ಹೋಗುತ್ತಿದ್ದದ್ದು 266ಕ್ಕೆ ಬರುತ್ತದೆ. ನಿಜವಾದ ಲಾಭ ಮೇಲೇರುವುದರಲ್ಲಿದೆ. ಹೆಚ್ಚುವರಿ 30 ಅಶ್ವಶಕ್ತಿಯಲ್ಲಿ ಪ್ರೊಪೆಲ್ಲರ್ ಶೇ 70 ದಕ್ಕಿಸಿಕೊಂಡರೂ 750 ಕೆ.ಜಿ. ತೂಕದ ವಿಮಾನಕ್ಕೆ ನಿಮಿಷಕ್ಕೆ ಸುಮಾರು 420 ಅಡಿ ಏರಿಕೆ ಹೆಚ್ಚು ಸಿಗುತ್ತದೆ. ಚಿಕ್ಕ ರನ್‌ವೇ, ಎತ್ತರದ ಊರು, ಬೇಸಿಗೆಯ ಬಿಸಿಗಾಳಿ ಇವುಗಳಿಗಾಗಿ ಮಾಡುವ ಅಪ್‌ಗ್ರೇಡ್ ಸಾರ್ಥಕ. ಬರೀ ವೇಗಕ್ಕಾಗಿ ಆದರೆ ಆ ಹಣವನ್ನು ಚಕ್ರದ ಹೊದಿಕೆ (ವೀಲ್‌ಪ್ಯಾಂಟ್), ಸಂದು ಮುಚ್ಚುವ ಫೇರಿಂಗ್, ಎಂಜಿನ್ ಹೊದಿಕೆಯಾದ ಕೌಲಿಂಗ್‌ನ ಅಚ್ಚುಕಟ್ಟಿಗೆ ಹಾಕುವುದು ಮೇಲು. ಮೀರಬಾರದ ವೇಗದ ಮಿತಿ ರೆಕ್ಕೆ, ಬಾಲಗಳಿಗೆ ಸೇರಿದ್ದು. ದೊಡ್ಡ ಎಂಜಿನ್ ಹಾಕಿದರೆ ಆ ಮಿತಿ ಒಂದಿಷ್ಟೂ ಮೇಲೇರುವುದಿಲ್ಲ.

ಒ-320 ಇಟ್ಟುಕೊಂಡೇ 150ರಿಂದ 160ಕ್ಕೆ ಹೋಗುವ ದಾರಿಯನ್ನು ಅನೇಕರು ಕಡೆಗಣಿಸುತ್ತಾರೆ. ಎರಡೂ ಮಾದರಿಗಳ ಮುಖ್ಯ ವ್ಯತ್ಯಾಸ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಒತ್ತುವ ಪ್ರಮಾಣ: 7ಕ್ಕೆ 1 ಇದ್ದದ್ದು 8.5ಕ್ಕೆ 1. ಸಿಲಿಂಡರ್ ಹೇಗೂ ಬಿಚ್ಚುವ ಹೊತ್ತಿನಲ್ಲಿ ಪಿಸ್ಟನ್ ಬದಲಿಸಿದರೆ ತೂಕ ಹೆಚ್ಚುವುದಿಲ್ಲ, ಎಂಜಿನ್ ಹಿಡಿದಿಡುವ ಚೌಕಟ್ಟು (ಮೌಂಟ್) ಬದಲಾಗುವುದಿಲ್ಲ. ಪಿಸ್ಟನ್ ಪಿನ್ ಹೊಸ ಒತ್ತಡಕ್ಕೆ ತಕ್ಕದ್ದೇ ಎಂದು ಭಾಗದ ಸಂಖ್ಯೆ ನೋಡಿ ಖಚಿತಪಡಿಸಿಕೊಳ್ಳಬೇಕು, ಕಡಿಮೆ ಆಕ್ಟೇನಿನ ಇಂಧನವನ್ನು ಮರೆಯಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವವರೂ ತಾನೇ ವಿದ್ಯುತ್ ಹುಟ್ಟಿಸಿ ಕಿಡಿ ಕೊಡುವ ಒಂದು ಮ್ಯಾಗ್ನೆಟೊ ಉಳಿಸಿಕೊಳ್ಳುವುದು ಒಳ್ಳೆಯದು. ಬ್ಯಾಟರಿ ಸತ್ತರೂ ಅದು ಕಿಡಿ ಕೊಡುತ್ತಲೇ ಇರುತ್ತದೆ.

ಎಂಜಿನ್ನನ್ನೇ ಬದಲಿಸುವುದಾದರೆ ಮೊದಲು ತೂಕದ ಲೆಕ್ಕ. ಅಲಗಿನ ಕೋನ ಬದಲಾಗದ ಸ್ಥಿರ ಪ್ರೊಪೆಲ್ಲರಿನಿಂದ, ಕೋನ ಬದಲಿಸಿ ಸುತ್ತನ್ನು ಒಂದೇ ಸಮ ಇಡುವ ಕಾನ್‌ಸ್ಟಂಟ್ ಸ್ಪೀಡ್‌ಗೂ ಹೋದರೆ ಮುಂದಿನ ಭಾರ 20 ಕೆ.ಜಿ. ಹೆಚ್ಚಿತೆಂದುಕೊಳ್ಳೋಣ. ಅದು ಹಳೆಯ ಗುರುತ್ವ ಕೇಂದ್ರಕ್ಕಿಂತ 1.2 ಮೀಟರ್ ಮುಂದಿದ್ದರೆ, ಹೊಸ ಖಾಲಿ ತೂಕ 480 ಕೆ.ಜಿ. ಆದ ವಿಮಾನದಲ್ಲಿ ಕೇಂದ್ರ 5 ಸೆಂ.ಮೀ ಮುಂದೆ ಸರಿಯುತ್ತದೆ. ಇಂಥ ವಿಮಾನಗಳಲ್ಲಿ ಕೇಂದ್ರ ಓಡಾಡಲು ಇರುವ ಅವಕಾಶವೇ 20 ಸೆಂ.ಮೀ ಆಸುಪಾಸು. ಒಬ್ಬರೇ ಕೂತು ಇಳಿಯುವಾಗ ಮೂಗು ಎತ್ತಲು ಬಾಲದ ಎಲಿವೇಟರ್ ಸಾಲದೆ ಹೋಗಬಹುದು. 8 ಕೆ.ಜಿ. ಬ್ಯಾಟರಿಯನ್ನು 2.5 ಮೀಟರ್ ಹಿಂದಕ್ಕೆ ಕೊಂಡೊಯ್ದರೆ 4 ಸೆಂ.ಮೀ ಮರಳಿ ಸಿಗುತ್ತದೆ. ಸ್ಟಾರ್ಟರಿನ ತಂತಿ ಆಗ ಉದ್ದವಾಗುವುದರಿಂದ ದಪ್ಪದ್ದೇ ಬೇಕು.

ಮೌಂಟ್ ವಿಷಯದಲ್ಲಿ ಹಣ ಕೊಟ್ಟ ಮೇಲೆ ಪೇಚಾಡುವವರು ಬಹಳ. ಒ-320ರ ಕೆಲವು ಮಾದರಿಗಳಿಗೆ ನೇರವಾಗಿ ನಿಲ್ಲುವ ಕೋನಿಕಲ್ ಮೌಂಟ್, ಇನ್ನು ಕೆಲವಕ್ಕೆ ಎಂಜಿನ್ನಿನ ಗುರುತ್ವ ಕೇಂದ್ರದತ್ತ ಓರೆಯಾಗಿ ಮುಖಮಾಡಿದ ಡೈನಫೋಕಲ್. ಡೈನಫೋಕಲ್‌ನಲ್ಲೂ ಎರಡು ಕೋನಗಳಿವೆ. ಎಂಜಿನ್ ಹೆಸರಿನ ಕೊನೆಯ ಅಕ್ಷರಗಳನ್ನು ಓದದೆ ಮುಂಗಡ ಕೊಡಬಾರದು. ಕ್ರ್ಯಾಂಕ್‌ಶಾಫ್ಟಿನ ಮುಂಭಾಗ ಟೊಳ್ಳಾಗಿಲ್ಲದಿದ್ದರೆ, ಅಲಗಿನ ಕೋನ ಹತೋಟಿ ಮಾಡುವ ಗವರ್ನರಿನ ಎಣ್ಣೆಗೆ ದಾರಿ ಇರದಿದ್ದರೆ ಎಣ್ಣೆಯ ಒತ್ತಡದ ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್ ಕೂರುವುದೇ ಇಲ್ಲ. ಒ-360ರೊಂದಿಗಿನ ಕೆಲವು ಹಾರ್ಟ್‌ಸೆಲ್ ಲೋಹದ ಪ್ರೊಪೆಲ್ಲರ್‌ಗಳಲ್ಲಿ 2000ದಿಂದ 2250 ಸುತ್ತಿನ ನಡುವೆ ನಿರಂತರವಾಗಿ ಓಡಿಸಬಾರದು. ಆ ನಿಷೇಧಕ್ಕೂ ಕಾರಣ ಕಂಪನವೇ.

ಬಳಸಿದ ಎಂಜಿನ್ ಕೊಳ್ಳುವಾಗ ಓಡಿದ ಗಂಟೆಗಿಂತ ಓಡದೆ ಕೂತ ವರ್ಷಗಳನ್ನು ಕೇಳಬೇಕು. ಲೈಕಮಿಂಗ್‌ನಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಮೇಲುಗಡೆ ಇರುವುದರಿಂದ ನಿಂತ ಎಂಜಿನ್ನಿನಲ್ಲಿ ಎಣ್ಣೆ ಇಳಿದುಹೋಗಿ ಕ್ಯಾಮ್, ಅದಕ್ಕೆ ಒತ್ತಿ ನಿಲ್ಲುವ ಟ್ಯಾಪೆಟ್ ತುಕ್ಕು ಹಿಡಿಯುತ್ತವೆ. ಮುಂದೆ ಓಡಿಸಿದಾಗ ಆ ತುಕ್ಕಿನ ಚುಕ್ಕೆಯಿಂದ ಟ್ಯಾಪೆಟ್ ಮುಖ ಸುಲಿದು ಲೋಹದ ಪುಡಿ ಎಣ್ಣೆ ಸೇರುತ್ತದೆ. ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ಆಯಸ್ಕಾಂತ ಹಾಯಿಸಿದರೆ ಅದು ತಿಳಿಯುತ್ತದೆ. 80 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಗಾಳಿ ಕೊಟ್ಟು ಕಂಪ್ರೆಷನ್ ನೋಡುವಾಗ ಬರೀ ಅಂಕಿಯಲ್ಲ, ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಕಿವಿಗೊಡಬೇಕು: ಎಕ್ಸಾಸ್ಟಿನಿಂದಾದರೆ ವಾಲ್ವ್, ಕ್ರ್ಯಾಂಕ್‌ಕೇಸಿನ ಗಾಳಿಕೊಳವೆಯಾದ ಬ್ರೀದರಿನಿಂದಾದರೆ ಪಿಸ್ಟನ್ ರಿಂಗ್. ಪ್ರೊಪೆಲ್ಲರ್ ನೆಲಕ್ಕೆ ತಾಗಿದ ಚರಿತ್ರೆಯಿದ್ದರೆ ಬಿಚ್ಚಿ ಪರೀಕ್ಷಿಸಿದ ದಾಖಲೆ ಇಲ್ಲದೆ ಆ ಎಂಜಿನ್ ಬೇಡ.

ಕೂರಿಸಿದ ಮೇಲೆ ಬ್ಯಾಫಲ್, ಅಂದರೆ ತಂಪು ಗಾಳಿಗೆ ದಾರಿ ಕಟ್ಟುವ ತಗಡು. ಸಿಲಿಂಡರ್ ಮೇಲಿನ ಒತ್ತಡದ ಗಾಳಿ ರೆಕ್ಕೆಪಟ್ಟಿಗಳ ನಡುವಿನಿಂದಲೇ ಕೆಳಗಿಳಿಯಬೇಕು. ಸಿಕ್ಕ ಸಂದಿನಲ್ಲೆಲ್ಲ ನುಸುಳಿದರೆ ಹೆಡ್ ಕಾಯುತ್ತದೆ. ಅಂಚಿನ ರಬ್ಬರ್ ಪಟ್ಟಿಯನ್ನು ಒತ್ತಡ ಇರುವ ಕಡೆಗೆ ಬಾಗಿಸಿ ಕೂರಿಸಿದರೆ ಗಾಳಿಯೇ ಅದನ್ನು ಕೌಲಿಂಗಿಗೆ ಒತ್ತಿ ಹಿಡಿಯುತ್ತದೆ. ಉಳಿದ ತೂತುಗಳಿಗೆ ಬಿಸಿ ತಡೆಯುವ ಸಿಲಿಕೋನ್. ಲೈಕಮಿಂಗ್ ಹೆಡ್‌ನ ಮಿತಿ 260 ಡಿಗ್ರಿ ಸೆಲ್ಸಿಯಸ್ ಆದರೂ ಬಾಳಿಕೆ ಬೇಕಿದ್ದರೆ 205ರೊಳಗೆ ಇರಲಿ.

ಕೊನೆಗೆ ಇಂಧನ. ಹೆಚ್ಚಿನ ಶಕ್ತಿಗೆ ಹೆಚ್ಚಿನ ಇಂಧನ ಬೇಕೆಂಬುದು ಎಲ್ಲರಿಗೂ ಗೊತ್ತು; ಹಳೆಯ ಕೊಳವೆ, ಫಿಲ್ಟರ್, ಟ್ಯಾಂಕಿನ ಗಾಳಿಕಿಂಡಿ ಅಷ್ಟನ್ನು ಬಿಡುತ್ತವೆಯೇ ಎಂದು ಅಳೆಯುವವರು ಕಡಿಮೆ. 180 ಅಶ್ವಶಕ್ತಿ ಪೂರ್ತಿ ಕೊಡುವಾಗ ಗಂಟೆಗೆ ಸುಮಾರು 57 ಲೀಟರ್ ಬೇಕು. ಗುರುತ್ವದಿಂದ ಇಳಿಯುವ ವ್ಯವಸ್ಥೆಯಾದರೆ ಅದರ ಒಂದೂವರೆ ಪಟ್ಟು, ಪಂಪಿನದಾದರೆ ಒಂದೂಕಾಲು ಪಟ್ಟು ಹರಿಯಬೇಕು. ಅಂದರೆ ನಿಮಿಷಕ್ಕೆ ಕ್ರಮವಾಗಿ 1.4 ಮತ್ತು 1.2 ಲೀಟರ್. ಟ್ಯಾಂಕಿನಲ್ಲಿ ಕನಿಷ್ಠ ಇಂಧನ ಇಟ್ಟು, ವಿಮಾನದ ಮೂಗನ್ನು ಅತಿ ಕಡಿದಾಗಿ ಏರುವ ಕೋನಕ್ಕೆ ಎತ್ತಿ, ಕಾರ್ಬ್ಯುರೇಟರಿನ ಬಳಿ ಕೊಳವೆ ಬಿಚ್ಚಿ ಅಳತೆ ಪಾತ್ರೆಗೆ ಹಿಡಿಯಬೇಕು. ಸುತ್ತ ಕಿಡಿಯ ಸುಳಿವಿರಬಾರದು, ವಿಮಾನಕ್ಕೂ ಪಾತ್ರೆಗೂ ಅರ್ಥಿಂಗ್ ಇರಬೇಕು, ಅಗ್ನಿಶಾಮಕ ಕೈಗೆಟುಕುವಲ್ಲಿರಬೇಕು. ಎರಡು ಟ್ಯಾಂಕಿದ್ದರೆ ಪ್ರತಿಯೊಂದನ್ನೂ ಬೇರೆಯಾಗಿ ಅಳೆಯಬೇಕು. ಮೊದಲ ನಿಮಿಷ ಚೆನ್ನಾಗಿ ಹರಿದು ಎರಡು ಮೂರನೆಯ ನಿಮಿಷಕ್ಕೆ ಧಾರೆ ಸಣ್ಣಗಾದರೆ ಅನುಮಾನಿಸಬೇಕಾದದ್ದು ಟ್ಯಾಂಕಿನ ಗಾಳಿಕಿಂಡಿಯನ್ನು.