ಊರಿಗೊಬ್ಬ ಇತಿಹಾಸಕಾರ: ನೇಮಕ ಕಾನೂನಿನದು, ದುಡ್ಡು ಯಾರದು?

ಸ್ಥಳೀಯ ಆಡಳಿತ ಓದುತ್ತಿರುವ ದಾವಣಗೆರೆ, ಚಿತ್ರದುರ್ಗದ ಗೆಳೆಯರಿಗೆ ಈ ಟಿಪ್ಪಣಿ. ವಿಷಯ ನ್ಯೂಯಾರ್ಕ್ ರಾಜ್ಯದ್ದು. ಅಲ್ಲಿ ಸ್ಥಳೀಯ ಸರ್ಕಾರದ ಬಗೆಗಳಾದ ನಗರ, ಟೌನ್, ವಿಲೇಜ್ ಪ್ರತಿಯೊಂದಕ್ಕೂ ಒಬ್ಬ ಅಧಿಕೃತ ಇತಿಹಾಸಕಾರ ಇರಲೇಬೇಕೆಂಬ ಕಾನೂನು 1919ರಲ್ಲೇ ಬಂತು. ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಘಟಕಕ್ಕೆ, ಈ ಕಡ್ಡಾಯವಿಲ್ಲ, ಬೇಕಿದ್ದರೆ ನೇಮಿಸಿಕೊಳ್ಳಬಹುದು. ನ್ಯೂಯಾರ್ಕ್ ನಗರದಲ್ಲಿ ಇಡೀ ನಗರಕ್ಕೊಬ್ಬರ ಬದಲು ಬರೋ ಎಂಬ ಐದು ದೊಡ್ಡ ವಿಭಾಗಗಳಿಗೂ ಒಬ್ಬೊಬ್ಬರು. ನಗರ ಮತ್ತು ವಿಲೇಜ್‌ನಲ್ಲಿ ಮೇಯರ್ ನೇಮಿಸುತ್ತಾರೆ, ಟೌನ್‌ನಲ್ಲಿ ಅದರ ಮುಖ್ಯಸ್ಥರಾದ ಸೂಪರ್‌ವೈಸರ್. ಊರಿನ ದಾಖಲೆ ಕೂಡಿಹಾಕುವುದು, ಬೆಂಕಿ ತಗಲದ ಕಡೆ ಇಡುವುದು, ಹಳೆಯ ಕಡತಗಳ ಸ್ಥಿತಿ ಪರೀಕ್ಷಿಸುವುದು, ಪ್ರತಿ ಜನವರಿಯಲ್ಲಿ ವರದಿ ಒಪ್ಪಿಸುವುದು ಅವರ ಕೆಲಸ. ಇಷ್ಟು ನೆನಪಿದ್ದರೆ ಸಾಕು.

ಕಷ್ಟ ಶುರುವಾಗುವುದು ಹಣದ ಹತ್ತಿರ ಬಂದಾಗ. ನೇಮಕ ಕಡ್ಡಾಯ, ಸಂಬಳ ಕಡ್ಡಾಯವಲ್ಲ. ಆಡಳಿತ ಮಂಡಳಿ ಬೇರೆ ತೀರ್ಮಾನ ಮಾಡದ ಹೊರತು ಇತಿಹಾಸಕಾರರದು ಸಂಭಾವನೆಯಿಲ್ಲದ ಸೇವೆ ಎಂದೇ ಕಾನೂನಿನಲ್ಲಿದೆ. ಇದನ್ನು ಓದಿದ ಕೂಡಲೇ ‘ಹಾಗಾದರೆ ಈ ಹುದ್ದೆಗೆ ಸರ್ಕಾರದ ದುಡ್ಡೇ ಇಲ್ಲ’ ಎಂದು ಬರೆಯಲು ಕೈ ಹೋಗುತ್ತದೆ. ಬರೆಯಬೇಡಿ. ಅದೇ ಕಲಮಿನಲ್ಲಿ ಮುಂದೆ ಓದಿದರೆ, ದಾಖಲೆ ಇಡಲು ಭದ್ರವಾದ ಜಾಗವನ್ನು ಸ್ಥಳೀಯ ಆಡಳಿತ ಒದಗಿಸಬಹುದು ಎಂದಿದೆ. ಅಷ್ಟೇ ಅಲ್ಲ, ಇತಿಹಾಸದ ಕೆಲಸಕ್ಕೆಂದೇ ಸ್ಥಳೀಯ ಸಂಸ್ಥೆಗಳು ತೆರಿಗೆ ಎತ್ತಿ ಖರ್ಚು ಮಾಡಬಹುದು. ಸ್ಮಾರಕ ನಿಲ್ಲಿಸುವುದು, ಪ್ರದರ್ಶನಕ್ಕೆ ವಸ್ತು ಸಂಗ್ರಹಿಸುವುದು, ಊರಿನ ಚರಿತ್ರೆ ಅಚ್ಚು ಹಾಕಿಸುವುದು ಎಲ್ಲ ಅದರೊಳಗೆ ಬರುತ್ತದೆ. ವ್ಯಕ್ತಿಗೆ ಕೊಡುವ ದುಡ್ಡು ಬೇರೆ, ಕೆಲಸಕ್ಕೆ ಕೊಡುವ ದುಡ್ಡು ಬೇರೆ.

ನನಗೆ ಇದು ಸ್ಪಷ್ಟವಾದದ್ದು ಅಲ್ಲಿನ ಬಜೆಟ್‌ನ ಲೆಕ್ಕಶೀರ್ಷಿಕೆ ನೋಡಿದ ಮೇಲೆ. ಆ ರಾಜ್ಯದ ಸ್ಥಳೀಯ ಸಂಸ್ಥೆಗಳಿಗೆಲ್ಲ ಏಕರೂಪದ ಲೆಕ್ಕ ಪದ್ಧತಿ ಇದೆ, ಅದರಲ್ಲಿ ಇತಿಹಾಸಕಾರರ ಖರ್ಚಿನ ಶೀರ್ಷಿಕೆಗೆ ಕೊಟ್ಟ ಸಂಖ್ಯೆ 7510. ಮುಂದೆ ‘ಎ’ ಅಕ್ಷರ ಇದ್ದರೆ ಸಾಮಾನ್ಯ ನಿಧಿಯಿಂದ ಹೋಗುವ ಖರ್ಚು. ಚುಕ್ಕಿಯ ಆಚೆಗಿನ ಅಂಕಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: 7510.1 ಸಂಬಳ, 7510.2 ಸಲಕರಣೆ, 7510.4 ಹೊರಗಿನ ಖರೀದಿ, ಮುದ್ರಣ ಮುಂತಾದ ಖರ್ಚು. ಈಗ ಒಂದು ಕಲ್ಪನೆಯ ಟೌನ್ ತೆಗೆದುಕೊಳ್ಳೋಣ. 7510.1ರ ಎದುರು ಸೊನ್ನೆ, 7510.4ರ ಎದುರು 800 ಡಾಲರ್. ಇಲ್ಲಿ ಹುದ್ದೆಗೆ ಸಾರ್ವಜನಿಕ ಹಣ ಇದೆಯೋ ಇಲ್ಲವೋ? ಇದೆ. ಇತಿಹಾಸಕಾರರಿಗೆ ಸಂಬಳ ಇದೆಯೋ? ಇಲ್ಲ. ಮುಂದಿನ ವರ್ಷ .1ರಲ್ಲಿ 2000 ಇಟ್ಟು .4 ಅನ್ನು ಸೊನ್ನೆ ಮಾಡಿದರು ಅನ್ನಿ. ಒಟ್ಟು ಮೊತ್ತ ಏರಿತು, ಇತಿಹಾಸಕಾರರ ಕೈಗೂ ಒಂದಿಷ್ಟು ಬಂತು, ಆದರೆ ಒಂದು ಹಳೆಯ ಫೋಟೋ ಸ್ಕ್ಯಾನ್ ಮಾಡಿಸಲೂ ಕಾಸಿಲ್ಲ. ಹಾಗಾಗಿ ಒಟ್ಟು ಮೊತ್ತ ನೋಡಿ ‘ಅನುದಾನ ಹೆಚ್ಚಾಯಿತು’ ಎನ್ನುವ ಮುನ್ನ ಚುಕ್ಕಿಯ ಆಚೆ ನೋಡಬೇಕು. ಪ್ರಶ್ನೆ ಎಷ್ಟೇ ತಿರುಚಿ ಕೇಳಿದರೂ .1 ಎಲ್ಲಿ, .4 ಎಲ್ಲಿ ಎಂದು ಹುಡುಕಿದರೆ ಉತ್ತರ ಸಿಗುತ್ತದೆ.

ರಾಜ್ಯ ಮಟ್ಟದ ಹಣದ ಬಗ್ಗೆ ಒಂದೇ ಮಾತು. ಸ್ಥಳೀಯ ಸರ್ಕಾರಗಳ ದಾಖಲೆ ನಿರ್ವಹಣೆಗೆ ಅಲ್ಲಿ 1989ರಲ್ಲಿ ಒಂದು ನಿಧಿ ಮಾಡಿದರು. ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಪತ್ರ ನೋಂದಾಯಿಸುವಾಗ ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಅದಕ್ಕೆ ಹೋಗುತ್ತದೆ. ಅರ್ಜಿ ಹಾಕಿ, ಸ್ಪರ್ಧೆಯಲ್ಲಿ ಗೆದ್ದು ಪಡೆಯುವ ಅನುದಾನ ಅದು. ಯೋಜನೆ ಮುಗಿದರೆ ಹಣವೂ ಮುಗಿಯಿತು.

ಇನ್ನು ನಮ್ಮ ಕಡೆಗೆ ಬರೋಣ. ಕರ್ನಾಟಕದಲ್ಲಿ ಇಂಥ ಕಡ್ಡಾಯ ಹುದ್ದೆ ಇಲ್ಲ. ಸಂವಿಧಾನದ 12ನೇ ಅನುಸೂಚಿ ನಗರ ಸಂಸ್ಥೆಗಳಿಗೆ ಕೊಡುವ 18 ವಿಷಯಗಳಲ್ಲಿ 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳ ಉತ್ತೇಜನ. ಪಂಚಾಯಿತಿಗಳ 11ನೇ ಅನುಸೂಚಿಯಲ್ಲಿ 21ನೆಯದು ಸಾಂಸ್ಕೃತಿಕ ಚಟುವಟಿಕೆ. ಬಾಗಿಲು ಇದೆ, ಆದರೆ ಹೊಸ ಕಾಯಂ ಹುದ್ದೆಗೆ ಸರ್ಕಾರದ ಮಂಜೂರಾತಿ ಬೇಕು. ಆದ್ದರಿಂದ ಚಿತ್ರದುರ್ಗ ನಗರಸಭೆಯಾಗಲಿ, ದಾವಣಗೆರೆ ಪಾಲಿಕೆಯಾಗಲಿ ಶುರು ಮಾಡುವುದಾದರೆ ಗೌರವಧನದ ದಾರಿಯೇ ಹತ್ತಿರದ್ದು.

ಹಣದ ಮೂಲಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಎತ್ತುತ್ತಾರೆ. ಈಗ ಅದು ನೂರಕ್ಕೆ 6. ಮನೆಗೆ 1000 ರೂಪಾಯಿ ತೆರಿಗೆ ಇದ್ದರೆ 60 ರೂಪಾಯಿ ಗ್ರಂಥಾಲಯಕ್ಕೆ. ಇತಿಹಾಸಕ್ಕೆ ಹೊಸ ಕರ ಹಾಕಿ ಎಂದು ನಾನು ಹೇಳುತ್ತಿಲ್ಲ. ಒಂದು ಕೆಲಸಕ್ಕೆಂದೇ ವರ್ಷವರ್ಷವೂ ಬರುವ ಹಣ ಮೀಸಲಿಡುವುದು ನಮ್ಮ ಆಡಳಿತಕ್ಕೆ ಹೊಸದಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯದು, ರಂಗಯ್ಯನ ಬಾಗಿಲ ಹತ್ತಿರದ ವಸ್ತುಸಂಗ್ರಹಾಲಯ ರಾಜ್ಯದ್ದು, ಹಾಗಿರುವಾಗ ನಗರಸಭೆಗೆ ಇತಿಹಾಸಕಾರ ಯಾಕೆ ಎಂದು ಕೇಳುವವರಿದ್ದಾರೆ. ಕೋಟೆಯ ಕಲ್ಲಿಗೆ ಕಾವಲಿದೆ. ಸಂತೆ ಹೊಂಡದ ಸುತ್ತಲಿನ ಬೀದಿಗಳು ಹೇಗೆ ಬದಲಾದವು, ಯಾವ ಕೇರಿಯವರು ಯಾವಾಗ ಬಂದರು, ನಗರಸಭೆಯ ಹಳೆಯ ನಡವಳಿ ಪುಸ್ತಕಗಳು ಈಗ ಯಾವ ಕೋಣೆಯಲ್ಲಿವೆ ಎಂದು ನೋಡುವ ಹೊಣೆ ಆ ಎರಡೂ ಇಲಾಖೆಗಳದ್ದಲ್ಲ.

ದಾವಣಗೆರೆಯ ಅಗತ್ಯ ಇನ್ನೂ ತುರ್ತಿನದು. 1997ರಲ್ಲಿ ಜಿಲ್ಲೆಯಾದಾಗ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ಮರಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಂದಮೇಲೆ ಇಲ್ಲಿನ ಇತಿಹಾಸ ಹುಡುಕುವವರು ಎಷ್ಟು ಊರಿನ ಕಚೇರಿ ಸುತ್ತಬೇಕು ಲೆಕ್ಕ ಹಾಕಿ. ಹತ್ತಿ ಗಿರಣಿಗಳಲ್ಲಿ ದುಡಿದವರು ಈಗ ಮುಪ್ಪಿನಲ್ಲಿದ್ದಾರೆ. ಅವರ ಮಾತು ದಾಖಲಿಸುವುದಕ್ಕೆ ರೆಕಾರ್ಡರ್‌ಗಿಂತ ಮುಖ್ಯವಾಗಿ ಮನೆಮನೆಗೆ ಹೋಗಿ ಕೂರುವ ಒಬ್ಬರ ಸಮಯ ಬೇಕು. ನ್ಯೂಯಾರ್ಕ್ ಲೆಕ್ಕದಲ್ಲಿ ಹೇಳುವುದಾದರೆ, ಆ ಸಮಯಕ್ಕೆ ಸಲ್ಲುವುದು .1ರ ಹಣ. ಅದಕ್ಕೇ ಮನವಿ ಬರೆಯುವವರು ಫಲಕ, ಪುಸ್ತಕ ಬಿಡುಗಡೆ ಎಂದು .4ರಿಂದ ಶುರು ಮಾಡದೆ ಮೊದಲು ಗೌರವಧನವನ್ನೇ ಕೇಳಬೇಕು, ಅದೂ ಒಂದು ಕಾರ್ಯಕ್ರಮದ ಲೆಕ್ಕದಲ್ಲಲ್ಲ, ಪ್ರತಿ ವರ್ಷದ ಬಜೆಟ್‌ನಲ್ಲಿ ಅದರದೇ ಶೀರ್ಷಿಕೆಯಡಿ.