ಐರಿಷ್ ಪೂರ್ವಜರ ಊರು ಬೇಕೇ? ಊರಲ್ಲೇ ಉಳಿದವರನ್ನು ಹುಡುಕಿ

ವಂಶಾವಳಿ ಹುಡುಕಿಕೊಡಿ ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡೇ ಬಂದಿರುತ್ತಾರೆ. ಐರ್ಲೆಂಡ್ ಶೇಕಡಾ ಇಷ್ಟು, ಸ್ಕಾಟ್ಲೆಂಡ್ ಶೇಕಡಾ ಇಷ್ಟು ಅನ್ನುವ ಬಣ್ಣದ ನಕ್ಷೆ ತೋರಿಸಿ, ಮುತ್ತಜ್ಜ ಯಾವ ಊರಿನವರು ಹೇಳಿ ಅನ್ನುತ್ತಾರೆ. ಆ ನಕ್ಷೆಯಿಂದ ಊರು ಸಿಗುವುದಿಲ್ಲ. ಕೆಲಸಕ್ಕೆ ಬರುವುದು ಅದೇ ವೆಬ್‌ಸೈಟಿನಲ್ಲಿರುವ ಮ್ಯಾಚ್ ಪಟ್ಟಿ, ಅಂದರೆ ನಿಮ್ಮ ಡಿಎನ್‌ಎ ಜೊತೆ ಸ್ವಲ್ಪವಾದರೂ ಹೊಂದುವ ಜನರ ಪಟ್ಟಿ. ಅದರಿಂದ ಊರಿಗೆ ದಾರಿ ಸಿಗಬೇಕಾದರೆ ಜಮೀನಿನ ಪುಸ್ತಕಗಳನ್ನೂ ತೆರೆಯಬೇಕು.

ಜಮೀನಿನದೇ ಯಾಕೆ? ಬೇರೆ ದಾಖಲೆ ಬಹಳಷ್ಟು ಉಳಿದಿಲ್ಲ, ಅದಕ್ಕೆ. 1922ರ ಜೂನ್ 30ರಂದು, ಅಂತರ್ಯುದ್ಧದ ಶುರುವಿನಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸರ್ಕಾರಿ ದಾಖಲೆ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು ಹೆಚ್ಚುಕಡಿಮೆ ಪೂರ್ತಿ ಬೂದಿಯಾದವು. 1861 ಮತ್ತು 1871ರದ್ದನ್ನು ಸರ್ಕಾರವೇ ಮೊದಲೇ ನಾಶ ಮಾಡಿಸಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಗೆ ಹೋಯಿತು. ಹಾಗಾಗಿ ಪೂರ್ತಿ ಉಳಿದಿರುವ ಮೊದಲ ಜನಗಣತಿ 1901ರದ್ದು. 1845ರಲ್ಲಿ ಶುರುವಾದ ಆಲೂಗಡ್ಡೆ ಬರಗಾಲದಲ್ಲಿ ಹತ್ತು ಲಕ್ಷ ಜನ ಸತ್ತು, ಅದಕ್ಕೂ ಜಾಸ್ತಿ ಜನ ಹಡಗು ಹತ್ತಿದರಲ್ವಾ, ಅವರ ಮನೆ ಎಲ್ಲಿತ್ತು ಅಂತ ಹೇಳುವ ಜನಗಣತಿ ಈಗ ಇಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಉಳಿದದ್ದು ತೆರಿಗೆಗಾಗಿ ಬರೆದ ಪುಸ್ತಕಗಳು. ಮುಖ್ಯವಾದದ್ದು ರಿಚರ್ಡ್ ಗ್ರಿಫಿತ್ ಉಸ್ತುವಾರಿಯಲ್ಲಿ 1847ರಿಂದ 1864ರವರೆಗೆ ಕೌಂಟಿಗೊಂದರಂತೆ ನಡೆದ ಗ್ರಿಫಿತ್ ವ್ಯಾಲ್ಯುಯೇಷನ್, ಅಂದರೆ ಜಮೀನು, ಮನೆಗಳಿಗೆ ಬೆಲೆ ಕಟ್ಟಿದ ಸರ್ವೆ. ಅದಕ್ಕೂ ಹಿಂದೆ, 1823ರಿಂದ 1837ರ ಸುಮಾರಿಗೆ, ಚರ್ಚಿನ ದಶಾಂಶ ತೆರಿಗೆಗಾಗಿ ಬರೆದ ಟೈದ್ ಪುಸ್ತಕಗಳಿವೆ. ಎರಡೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಗ್ರಿಫಿತ್ ಪುಟದಲ್ಲಿ ಮೊದಲು ನಕ್ಷೆಯ ನಂಬರು, ಆಮೇಲೆ ಗೇಣಿದಾರನ ಹೆಸರು, ಯಾರಿಂದ ಗೇಣಿಗೆ ಪಡೆದ, ಮನೆ ಇದೆಯೋ ಬರೀ ಹೊಲವೋ, ಎಷ್ಟು ಎಕರೆ, ವರ್ಷದ ಬೆಲೆ ಎಷ್ಟು ಪೌಂಡು ಅಂತ ಸಾಲಾಗಿ ಇರುತ್ತದೆ. ಎಲ್ಲವೂ ಟೌನ್‌ಲ್ಯಾಂಡ್ ಪ್ರಕಾರ. ಟೌನ್‌ಲ್ಯಾಂಡ್ ಅಂದರೆ ಪಟ್ಟಣ ಅಲ್ಲ, ಕೆಲವೇ ಮನೆಗಳಿರುವ, ಹಳ್ಳಿಗಿಂತ ಚಿಕ್ಕ ಜಮೀನಿನ ತುಂಡು. ಇಂಥವು ಐರ್ಲೆಂಡಿನಲ್ಲಿ 60 ಸಾವಿರಕ್ಕೂ ಜಾಸ್ತಿ ಇವೆ. ನಮಗೆ ಬೇಕಾದ ಊರು ಅಂದರೆ ಇದೇ.

ಎಲ್ಲರೂ ಎಡವುವುದು ಇಲ್ಲೇ. ಅಮೆರಿಕಕ್ಕೆ ಹೋದ ಮುತ್ತಜ್ಜನ ಹೆಸರು ಗ್ರಿಫಿತ್‌ನಲ್ಲಿ ಕಂಡ ಕೂಡಲೇ ಸಿಕ್ಕಿತು ಅಂತ ಖುಷಿಪಡುತ್ತಾರೆ. ಆದರೆ ಆ ಪುಸ್ತಕದಲ್ಲಿರುವುದು ಗೇಣಿದಾರನ ಹೆಸರು ಮಾತ್ರ. ಮಕ್ಕಳ ಹೆಸರಿಲ್ಲ, ಇನ್ನೊಬ್ಬರ ಮನೆಯಲ್ಲಿದ್ದ ಆಳುಗಳ ಹೆಸರೂ ಇಲ್ಲ. ಇಪ್ಪತ್ತು ವರ್ಷದ ಹುಡುಗನಾಗಿ ಹಡಗು ಹತ್ತಿದವನ ಹೆಸರಿನಲ್ಲಿ ಗೇಣಿ ಇರುವ ಸಂಭವವೇ ಕಡಿಮೆ. ಇದ್ದರೆ ಅಪ್ಪನ ಹೆಸರು ಇರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ, ಊರಿನ ಹೆಸರು ಬೇಡ. ಟಿಪ್ಪೆರರಿ ಕೌಂಟಿಯಿಂದ ಅಮೆರಿಕಕ್ಕೆ ಹೋದ ಒಬ್ಬ ಪ್ಯಾಟ್ರಿಕ್ ರಯಾನ್. ಆ ಕೌಂಟಿಯಲ್ಲಿ ರಯಾನ್‌ಗಳು ಎಷ್ಟಿದ್ದಾರೆಂದರೆ, ಸರ್ವೆಯವರೇ ಗೊಂದಲ ಆಗದಿರಲೆಂದು ಹೆಸರಿನ ಮುಂದೆ ಕಂಸದಲ್ಲಿ ಅಪ್ಪನ ಹೆಸರನ್ನೋ ಮನೆತನದ ಅಡ್ಡಹೆಸರನ್ನೋ ಸೇರಿಸಿದ್ದಾರೆ. ಈ ಮನೆಯವರು ಅಂದುಕೊಂಡಿದ್ದ ಟೌನ್‌ಲ್ಯಾಂಡಿನಲ್ಲಿ ಇಬ್ಬರು ಪ್ಯಾಟ್ರಿಕ್ ರಯಾನ್ ಇದ್ದರು, ಒಬ್ಬನ ಮುಂದೆ (ಜಾಕ್) ಅಂತ ಬರೆದಿತ್ತು. ಯಾರು ನಮ್ಮವರು ಅನ್ನುವುದೇ ಅವರ ಪ್ರಶ್ನೆ.

ಅದಕ್ಕೆ ಉತ್ತರ ಸಿಕ್ಕಿದ್ದು ರಿವಿಷನ್ ಪುಸ್ತಕಗಳಲ್ಲಿ. ಗ್ರಿಫಿತ್ ಮುಗಿದ ಮೇಲೆ ಗುಮಾಸ್ತರು ಆಗಾಗ ಅದೇ ಪಟ್ಟಿಯನ್ನು ತಿದ್ದುತ್ತಾ ಬಂದರು. ಹಳೆಯ ಹೆಸರಿನ ಮೇಲೆ ಒಂದು ಗೀಟು, ಮೇಲೆ ಹೊಸ ಹೆಸರು, ಅಂಚಿನಲ್ಲಿ ವರ್ಷ, ಒಂದೊಂದು ಸಲಕ್ಕೆ ಒಂದೊಂದು ಬಣ್ಣದ ಶಾಯಿ. ಪಹಣಿ, ಮ್ಯುಟೇಷನ್ ನೋಡಿ ಅಭ್ಯಾಸವಿದ್ದರೆ ಇದು ಸಲೀಸು. ಉತ್ತರ ಐರ್ಲೆಂಡಿನ ಆರು ಕೌಂಟಿಗಳ ಪುಸ್ತಕಗಳು ಬೆಲ್‌ಫಾಸ್ಟಿನ ಪ್ರೋನಿ ದಾಖಲೆ ಸಂಗ್ರಹದ ವೆಬ್‌ಸೈಟಿನಲ್ಲಿವೆ, ಉಳಿದವಕ್ಕೆ ಡಬ್ಲಿನ್ ವ್ಯಾಲ್ಯುಯೇಷನ್ ಆಫೀಸಿನದಾಗಿದ್ದ ಸಂಗ್ರಹ (ಆ ಆಫೀಸು 2023ರಲ್ಲಿ Tailte Éireann ಅನ್ನುವ ಸರ್ಕಾರಿ ಸಂಸ್ಥೆಯಲ್ಲಿ ಸೇರಿಹೋಯಿತು). ನಮ್ಮ ಇಬ್ಬರು ಪ್ಯಾಟ್ರಿಕ್‌ಗಳೂ 1880ರ ನಂತರವೂ ಅದೇ ಹೊಲದಲ್ಲಿದ್ದರು. ಅಂದರೆ ಇಬ್ಬರೂ ಅಲ್ಲ. ಪಕ್ಕದ ಹೊಲ ಜಾನ್ ರಯಾನ್ ಅನ್ನುವವನದು. ಅವನ ಹೆಸರು ಹೊಡೆದು ಬ್ರಿಜೆಟ್ ಅಂತ ಬರೆದಿದ್ದಾರೆ, ಹೆಂಡತಿ. ಕೆಲವು ವರ್ಷಗಳ ನಂತರ ಅದನ್ನೂ ಹೊಡೆದು ಮೈಕಲ್ ಅಂತ ಬರೆದಿದ್ದಾರೆ. ಹೆಸರು ಬದಲಾದ ವರ್ಷ 1864ರ ನಂತರದ್ದಾದರೆ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ಸಾವಿನ ನೋಂದಣಿ ಹುಡುಕಬೇಕು, ಯಾಕೆಂದರೆ 1864ರಿಂದ ಹುಟ್ಟು, ಮದುವೆ, ಸಾವು ಎಲ್ಲವೂ ಸರ್ಕಾರದಲ್ಲಿ ದಾಖಲಾಗಿದೆ.

ಡಿಎನ್‌ಎ ನೆರವಾಗಿದ್ದು ಈ ಹಂತದಲ್ಲಿ. ಮನೆಯ ಹಿರಿಯ ಅತ್ತೆಯೊಬ್ಬರಿಂದ ಪರೀಕ್ಷೆ ಮಾಡಿಸಿದ್ದೆವು. ತಲೆಮಾರು ಹಿಂದಿದ್ದಷ್ಟೂ ಹಳೆಯ ಡಿಎನ್‌ಎ ಜಾಸ್ತಿ ಉಳಿದಿರುತ್ತದೆ, ಆದ್ದರಿಂದ ಮನೆಯಲ್ಲಿ ಹಿರಿಯರಿದ್ದರೆ ಅವರನ್ನೇ ಮೊದಲು ಕೇಳಿ, ಆದರೆ ಗುಟ್ಟಾಗಿದ್ದ ಸಂಬಂಧಗಳೂ ಹೊರಬರಬಹುದು ಅಂತ ಮೊದಲೇ ತಿಳಿಸಿ, ಅವರು ಒಪ್ಪಿದರೆ ಮಾತ್ರ ಮಾಡಿಸಿ. ಅತ್ತೆಯ ಪಟ್ಟಿಯಲ್ಲಿ ಆಸ್ಟ್ರೇಲಿಯಾದ ಒಬ್ಬರು 80 ಸೆಂಟಿಮಾರ್ಗನ್ (ಇಬ್ಬರ ಡಿಎನ್‌ಎ ಎಷ್ಟು ಹೊಂದುತ್ತದೆ ಅಂತ ಅಳೆಯುವ ಮಾನ) ಸುಮಾರು ಹೊಂದುತ್ತಿದ್ದರು. ಅವರ ಮುತ್ತಜ್ಜ ಇದೇ ಹೊಲದ ಮೈಕಲ್. ಇಬ್ಬರು ಮುತ್ತಜ್ಜಂದಿರು ಒಡಹುಟ್ಟಿದವರಾದರೆ ಮರಿಮಕ್ಕಳು ಸರಾಸರಿ 70 ಸೆಂಟಿಮಾರ್ಗನ್ ಆಸುಪಾಸು ಹೊಂದುತ್ತಾರೆ. ಹತ್ತರಲ್ಲಿ ಒಂದು ಜೋಡಿಗೆ ಏನೂ ಹೊಂದದೇ ಇರಬಹುದು, ಹಾಗಂತ ನೆಂಟಸ್ತನ ಇಲ್ಲ ಅನ್ನಲಾಗದು. ಇನ್ನು 15ಕ್ಕಿಂತ ಕಡಿಮೆಯ ಮ್ಯಾಚ್ ಒಂದನ್ನೇ ನಂಬಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ.

ಈ 80 ಕೂಡ ಅಷ್ಟಕ್ಕೇ ಸಾಕ್ಷಿ ಆಗುವುದಿಲ್ಲ. ಸುತ್ತಮುತ್ತಲ ಊರುಗಳಲ್ಲೇ ಕೊಟ್ಟು ತಂದು ಮಾಡಿದ ಜನ, ನೆಂಟಸ್ತನ ತಾಯಿಯ ಕಡೆಯಿಂದ ಬಂದಿರಲೂಬಹುದು. ಅದಕ್ಕೆ ಅತ್ತೆಗೂ ಆಸ್ಟ್ರೇಲಿಯಾದವರಿಗೂ ಇಬ್ಬರಿಗೂ ಹೊಂದುವ ಬೇರೆಯವರು ಯಾರು, ಅವರ ಹಿರಿಯರು ಯಾವ ಟೌನ್‌ಲ್ಯಾಂಡಿನವರು ಅಂತ ಒಬ್ಬೊಬ್ಬರನ್ನೇ ನೋಡಿದೆವು. ಕೊನೆಗೆ ಕ್ಯಾಥೊಲಿಕ್ ಚರ್ಚಿನ ಪುಸ್ತಕ. ಇವು ಫೋರ್ ಕೋರ್ಟ್ಸಿನಲ್ಲಿ ಇರಲಿಲ್ಲವಾದ್ದರಿಂದ ಬೆಂಕಿಯಿಂದ ಉಳಿದುಕೊಂಡವು, 2015ರಿಂದ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಪ್ಯಾಟ್ರಿಕ್ ಮತ್ತು ಮೈಕಲ್, ಇಬ್ಬರ ದೀಕ್ಷಾಸ್ನಾನದ ಸಾಲಿನಲ್ಲೂ ಅಪ್ಪ ಜಾನ್, ಅಮ್ಮ ಬ್ರಿಜೆಟ್. ಪ್ಯಾಟ್ರಿಕ್ ಅಮೆರಿಕದಲ್ಲಿ ಮೊದಲ ಮಗನಿಗೆ ಇಟ್ಟ ಹೆಸರೂ ಜಾನ್. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವುದು ಅಲ್ಲಿನ ಹಳ್ಳಿಗಳಲ್ಲಿ ಸಾಮಾನ್ಯವಾಗಿದ್ದ ರೂಢಿ.

ಬೆಂಗಳೂರಿನ ಹಳೆಯ ಆಂಗ್ಲೋ-ಇಂಡಿಯನ್ ಮನೆತನಗಳಲ್ಲೂ ಐರಿಷ್ ಹೆಸರುಗಳಿವೆ. ಈಸ್ಟ್ ಇಂಡಿಯಾ ಕಂಪನಿಯ ಪಲ್ಟನ್‌ಗಳಿಗೆ ಐರ್ಲೆಂಡಿನಿಂದ ಬಹಳ ಜನ ಸೇರಿದ್ದರು. ನಿಮ್ಮ ಮನೆತನದ್ದೂ ಅದೇ ಕಥೆಯಾದರೆ ಸೈನ್ಯದ ಕಾಗದದಿಂದ ಶುರು ಮಾಡಿ. ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬ್ರಿಟಿಷ್ ಸೇನೆಯಲ್ಲಿದ್ದು ಪಿಂಚಣಿ ಪಡೆದವರ ಬಿಡುಗಡೆ ಪತ್ರದಲ್ಲಿ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರುಗಳು), ಕೌಂಟಿ ಬರೆದಿರುತ್ತದೆ. ಆ ಪ್ಯಾರಿಷ್ ಹೆಸರು ಸಿಕ್ಕ ಮೇಲೆ ಗ್ರಿಫಿತ್ ತೆರೆಯಿರಿ, ಸಿಪಾಯಿಯ ಹೆಸರು ಹುಡುಕುತ್ತಾ ಕೂರಬೇಡಿ, ಅದೇ ಮನೆತನದ ಹೆಸರಿನಲ್ಲಿ ಅಲ್ಲಿ ಹೊಲ ಮಾಡಿಕೊಂಡಿದ್ದವರನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.