ಆಟಿ ತಿಂಗಳು ಅಂದರೆ ತಪ್ಪಾ?

"ಇದು ಯಾವ ತಿಂಗಳು ಅಜ್ಜಿ?" ಅಂತ ಕೇಳಿದೆ. "ಆಟಿ ಅಲ್ವಾ ಡಾಕ್ಟ್ರೇ, ಈ ಮಳೆ ನೋಡಿದ್ರೆ ಗೊತ್ತಾಗೋದಿಲ್ವಾ?" ಅಂದರು. ಅದು ಜುಲೈ ಕೊನೆಯ ವಾರ, ತುಳುವರ ಲೆಕ್ಕದಲ್ಲಿ ಆಟಿ ತಿಂಗಳು. ಉತ್ತರ ಸರಿಯಾಗಿಯೇ ಇತ್ತು. ಆದರೆ ಅಜ್ಜಿಯ ಮಗ ತಂದಿದ್ದ ನೆನಪಿನ ಪರೀಕ್ಷೆಯ ರಿಪೋರ್ಟಿನಲ್ಲಿ ಇದೇ ಪ್ರಶ್ನೆಗೆ ಸೊನ್ನೆ.

ಅಜ್ಜಿ ಕಾಸರಗೋಡಿನ ಬದಿಯಡ್ಕ ಕಡೆಯವರು. ಮನೆಯಲ್ಲಿ ತುಳು, ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡ. ಮಲಯಾಳ ಬಸ್ಸಿಗೆ, ಅಂಗಡಿಗೆ ಸಾಕಾಗುವಷ್ಟು ಬರುತ್ತದೆ. ಬೇರೊಂದು ಕಡೆ ಆ ಪರೀಕ್ಷೆ ಪೂರ್ತಿ ಮಲಯಾಳದಲ್ಲೇ ನಡೆದಿತ್ತು. ಅಂಕ ಕಮ್ಮಿ ಬಂತು. ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುವ ಕಾಯಿಲೆ, ಇರಬಹುದು ಅಂತ ಬರೆದರು. ಮನೆಯವರು ಆಗಲೇ ಅಜ್ಜಿಯ ಕೈಯಿಂದ ಕಪಾಟಿನ ಬೀಗದ ಕೈ ತೆಗೆದುಕೊಂಡಿದ್ದರು.

ಈ ಪರೀಕ್ಷೆಯಲ್ಲಿ ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬೇರೇನೋ ಮಾಡಿಸಿ, ಮತ್ತೆ ಕೇಳುತ್ತೇವೆ. ಪದ ಮೊದಲು ಅರ್ಥವಾಗಬೇಕು. ಆಮೇಲೆ ಮಿದುಳು ಅದನ್ನು ಕಟ್ಟಿಡಬೇಕು. ಕೇಳಿದಾಗ ಹುಡುಕಿ ತೆಗೆಯಬೇಕು. ಕಟ್ಟಿಡುವುದರಲ್ಲಿ ದೊಡ್ಡ ಪಾಲು ಹಿಪ್ಪೊಕ್ಯಾಂಪಸ್‌ನದು. ಮಿದುಳಿನ ಒಳಗಿನ ಕಿರುಬೆರಳಿನಷ್ಟು ಭಾಗ, ಎಡಕ್ಕೊಂದು ಬಲಕ್ಕೊಂದು. ಡಿಮೆನ್ಶಿಯಾ ತರುವ ಆಲ್‌ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಾಳು ಮಾಡುವುದು ಇದನ್ನೂ ಇದರ ಆಸುಪಾಸನ್ನೂ. ವಯಸ್ಸಾದಂತೆ ನಮಗೆಲ್ಲ ನಿಧಾನವಾಗುವುದು ಹೆಚ್ಚಾಗಿ ಹುಡುಕಿ ತೆಗೆಯುವ ಕೆಲಸ. ಅರ್ಥವೇ ಆಗದ ಪದ ಒಳಗೆ ಹೋಗಿರುವುದೇ ಇಲ್ಲ. ಅದನ್ನು ಮರೆವು ಅನ್ನುವುದು ಹೇಗೆ?

ನಾನು ತುಳು, ಕನ್ನಡ ಬೆರೆಸಿ ಮಾತಾಡಿದೆ. ಕೊಡೆ, ಮಣೆ, ಬೆಲ್ಲ. ಐದು ನಿಮಿಷ ಬಿಟ್ಟು ಕೇಳಿದರೆ ಎರಡು ಬಂತು. ಮೂರನೆಯದಕ್ಕೆ ತಡವರಿಸಿದರು. "ಪಾಯಸಕ್ಕೆ ಹಾಕ್ತೀರಲ್ಲ" ಅಂದೆ. "ಹಾಂ, ಬೆಲ್ಲ!" ಪದ ಒಳಗೇ ಇತ್ತು, ಸುಳಿವು ಸಿಕ್ಕಿದ ಕೂಡಲೇ ಹೊರಗೆ ಬಂತು.

ಅದೇ ವಾರ ಒಬ್ಬ ನಿವೃತ್ತ ಕನ್ನಡ ಮಾಸ್ಟ್ರು ಬಂದಿದ್ದರು. ಅವರಿಗೂ ಅದೇ ಮೂರು ಪದ ಹೇಳಿ, ಆಮೇಲೆ ಅದೇ ಸುಳಿವು ಕೊಟ್ಟೆ. "ಬೆಲ್ಲವಾ? ನೀವು ಅದನ್ನು ಹೇಳಲೇ ಇಲ್ಲವಲ್ಲ" ಅಂದರು. ನನಗೆ ಭಯವಾಗುವುದು ಇಂಥ ಉತ್ತರ ಕೇಳಿದಾಗ. ಅವರಿಗೆ ಮುಂದಿನ ಪರೀಕ್ಷೆಗಳನ್ನು ಬರೆದುಕೊಟ್ಟೆ.

ನಮ್ಮ ಕಾಸರಗೋಡಿನವರು ತಿಳಿಯಬೇಕಾದ್ದು ಇನ್ನೊಂದಿದೆ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳ ಮಾಹಿತಿ ನೋಡಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಭಾಷೆ ಗೊತ್ತಿದ್ದವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಎರಡಕ್ಕಿಂತ ಜಾಸ್ತಿ ಭಾಷೆ ಬಂದರೆ ಇನ್ನೂ ಲಾಭ ಅಂತೇನೂ ಕಾಣಲಿಲ್ಲ. ಇಲ್ಲಿನ ಹಿರಿಯರು ದಿನವಿಡೀ ಭಾಷೆಯಿಂದ ಭಾಷೆಗೆ ದಾಟುತ್ತಲೇ ಇರುತ್ತಾರೆ. ಅಂಥವರನ್ನು ಅವರಿಗೆ ತೀರಾ ಕಮ್ಮಿ ಬರುವ ಭಾಷೆಯಲ್ಲಿ ಅಳೆಯುವುದು ಅನ್ಯಾಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ನೆನಪು-ಯೋಚನೆಯ ಪರೀಕ್ಷೆಗಳು ಕನ್ನಡದಲ್ಲೂ ಇವೆ, ಮಲಯಾಳದಲ್ಲೂ ಇವೆ. ಕೇಳಿ ಪಡೆಯಿರಿ, ಸಂಕೋಚ ಬೇಡ. ಹಿರಿಯರು ಎಷ್ಟನೇ ಕ್ಲಾಸು ಓದಿದ್ದಾರೆ, ಮನೆಯಲ್ಲಿ ಯಾವ ಭಾಷೆ ಅಂತ ಮೊದಲೇ ಹೇಳಿ. ಕಿವಿಯನ್ನೂ ತೋರಿಸಿ, ಪದ ಮೊದಲು ಸರಿಯಾಗಿ ಕೇಳಿಸಬೇಕಲ್ಲ.

ಅಜ್ಜಿಗೆ ಕಿವಿ ಸ್ವಲ್ಪ ಮಂದವಾಗಿತ್ತು. ಅದಕ್ಕೆ ಚೀಟಿ ಬರೆದೆ. ಆರು ತಿಂಗಳು ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಬೀಗದ ಕೈ ಅಮ್ಮನ ಹತ್ತಿರವೇ ಇರಲಿ ಅಂತ ಮಗನಿಗೆ ಹೇಳಿದೆ.